ಅಡಿಗೆಮನೆಯ ಮಾಳಿಗೆಗೆ ಗಾಜು ಹಾಕಿಸಿದ ಮೇಲೆ

ಮನೆ ಕಟ್ಟಿಸುವವರು ಯಾರಾದರೂ ಬಂದು, ಮಾಳಿಗೆಗೊಂದು ಗಾಜಿನ ಬೆಳಕಿಂಡಿ ಇಡಿಸೋಣವೇ ಎಂದು ನನ್ನನ್ನು ಕೇಳುವುದುಂಟು. ಆ ಕಾಲದಲ್ಲೇ ಅದನ್ನು ಕಂಡವಳು ಎಂದು ನನಗೆ ಅಷ್ಟೊಂದು ಮರ್ಯಾದೆ. ಅವರಿಗೆ ಬೇಕಾದದ್ದು ಹೌದು ಅಥವಾ ಬೇಡ ಎಂಬ ಒಂದು ಮಾತು. ನಾನು ಎರಡನ್ನೂ ಹೇಳುತ್ತೇನೆ. ಹಗಲಿನಲ್ಲಿ ದೀಪದ ಎಣ್ಣೆ ಉಳಿಯುತ್ತದೆ, ಹಿಟ್ಟಿನೊಳಗಿನ ಹುಳ ಕಾಣುತ್ತದೆ, ಒಲೆಯ ಮಗ್ಗುಲಲ್ಲಿ ಬಂದು ಕೂತ ಚೇಳು ಕಾಣುತ್ತದೆ, ಇದು ಒಳ್ಳೆಯದು. ಬೇಸಿಗೆಯಲ್ಲಿ ಕೆಳಗೆ ಕೂತವರ ನೆತ್ತಿ ಸುಡುತ್ತದೆ, ಮಳೆಗೆ ಅಂಚಿನಿಂದ ಸೋರುತ್ತದೆ, ಪಾರಿವಾಳಗಳು ಹೊಲಸು ಮಾಡಿದಾಗಲೆಲ್ಲ ಯಾರಾದರೂ ಹತ್ತಿ ಉಜ್ಜಬೇಕಾಗುತ್ತದೆ, ಇದು ಕೆಟ್ಟದ್ದು. ಇಷ್ಟು ಹೇಳಿ ಬಾಯಿ ಮುಚ್ಚುತ್ತೇನೆ. ಅದರ ಕೆಳಗೆ ಕೂತಿದ್ದ ನನಗೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ, ಕೇಳಿದರೂ ಹೇಳಲು ನನಗೆ ಇವತ್ತಿಗೂ ನಾಚಿಕೆ.

ನನ್ನ ಕಣ್ಣು ಹುಟ್ಟಿನಿಂದಲೇ ದೂರಕ್ಕೆ ಬರುತ್ತಿರಲಿಲ್ಲ. ಗೇಣು ದೂರದ್ದು ಚೆನ್ನಾಗಿ ಕಾಣುತ್ತಿತ್ತು. ಮೊಳ ದಾಟಿದರೆ ಎಲ್ಲವೂ ಮಸುಕು. ಆಲೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಇದು ಅಪ್ಪ ಅವ್ವನನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಗೊತ್ತಾಗದಂತೆ ಅವ್ವ ನನ್ನನ್ನು ತಯಾರು ಮಾಡಿದ್ದಳು. ಬಂದವರನ್ನು ದನಿಯಿಂದ ಗುರುತು ಹಿಡಿಯಬೇಕು, ಮಾತಾಡದೆ ನಿಂತಿದ್ದರೆ ಮೊದಲು "ಬರ್ರಿ" ಎಂದು ಸುಮ್ಮನೆ ನಗಬೇಕು. ಯಾವ ಸಾಮಾನನ್ನು ಎಲ್ಲಿಂದ ತೆಗೆದೆನೋ ಅಲ್ಲೇ ಇಡಬೇಕು. ಬೀದಿಯಲ್ಲಿ ತಲೆ ಎತ್ತಬಾರದು.

ತಲೆ ಎತ್ತದ ಹುಡುಗಿ ಎಂದೇ ಆದವಾನಿಯವರು ನನ್ನನ್ನು ಮೆಚ್ಚಿದ್ದು. ನೋಡಲು ಬಂದ ದಿನ ಅವರ ಕಡೆಯ ಒಬ್ಬಾಕೆ ಸೂಜಿ ದಾರ ಕೊಟ್ಟು ಪೋಣಿಸು ಎಂದಳು. ಹತ್ತಿರದ ಕೆಲಸವಲ್ಲವೇ, ಒಂದೇ ಸಲಕ್ಕೆ ಪೋಣಿಸಿದೆ. "ಹುಡುಗಿ ಕಣ್ಣು ಚಲೋ ಅದಾವ" ಎಂದು ಆಕೆಯೇ ಸರ್ಟಿಫಿಕೇಟು ಕೊಟ್ಟಳು. ಪಡಸಾಲೆಯ ಆ ತುದಿಯಲ್ಲಿ ಕೂತಿದ್ದ ಹುಡುಗ ಕಪ್ಪೋ ಕೆಂಪೋ ನನಗೆ ತಿಳಿಯಲಿಲ್ಲ. ನನ್ನ ಗಂಡನನ್ನು ನಾನು ಸರಿಯಾಗಿ ನೋಡಿದ್ದೆಲ್ಲ ಹತ್ತಿರದಿಂದಲೇ, ಅದಕ್ಕೇನೂ ದೂರಿಲ್ಲ.

ಗಂಡನ ಮನೆಯದು ಹತ್ತಿ ದಲಾಲಿ ಅಂಗಡಿ. ಮನೆ ಇದ್ದದ್ದು ಆದವಾನಿಯ ಹಳೇ ಓಣಿಯೊಂದರಲ್ಲಿ, ಒಂದಕ್ಕೊಂದು ಆತುಕೊಂಡ ಮಣ್ಣಿನ ಮಾಳಿಗೆಯ ಮನೆಗಳ ಸಾಲಿನಲ್ಲಿ. ಗೋಡೆಗಳು ಕೋಟೆಯಂಥವು, ಬೀದಿಯ ಕಡೆಗೆ ಕಿಟಕಿಯ ಮಾತೇ ಇಲ್ಲ. ಅಡಿಗೆಮನೆಗೆ ಬೆಳಕೆಂದರೆ ಮಾಳಿಗೆಯಲ್ಲಿ ತಳವಿಲ್ಲದ ಗಡಿಗೆ ಹುಗಿದು ಮಾಡಿದ ಒಂದು ತೂತು. ಹೊಗೆ ಹೋಗುವುದೂ ಅದರಿಂದಲೇ. ಮಳೆ ಬಂದರೆ ಯಾರಾದರೂ ಓಡಿ ಮೇಲೆ ಹತ್ತಿ ಅದಕ್ಕೊಂದು ಹರಿವಾಣ ಕವುಚಿ ಬರಬೇಕು. ಆಮೇಲೆ ಹಗಲೂ ರಾತ್ರಿಯೂ ಒಂದೇ.

ಆ ಕತ್ತಲೆಯಲ್ಲಿ ನಾನು ಸುಖವಾಗಿದ್ದೆ. ಅಲ್ಲಿ ನನ್ನ ಅತ್ತೆ, ಗಂಡನ ಅಜ್ಜಿ, ನಾನು ಮೂವರೂ ಬಗ್ಗಿಯೇ ಕೆಲಸ ಮಾಡುತ್ತಿದ್ದೆವು. ಮೂವರೂ ಕೈಯಿಂದ ತಡವಿ ಉಪ್ಪು ಹುಡುಕುತ್ತಿದ್ದೆವು. ಅವರು ಕತ್ತಲೆಯಲ್ಲಿ ಕುರುಡರಾಗಿದ್ದರೆ ನಾನು ಬೆಳಕಿನಲ್ಲೂ ಅಭ್ಯಾಸ ಮಾಡಿ ಬಂದವಳು. ಹಾಗಾಗಿ ನನ್ನ ಕೈಯೇ ಎಲ್ಲರಿಗಿಂತ ಚುರುಕು. ರೊಟ್ಟಿ ಹೆಂಚಿನ ಮೇಲೆ ಬೆಂದಿತೋ ಇಲ್ಲವೋ ಎಂದು ಮುಖ ಒಯ್ದು ನೋಡುವಾಗ ಹುಬ್ಬಿನ ಕೂದಲು ಸುಡುತ್ತಿದ್ದವು, ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬೆಳಿಗ್ಗೆ ಮಾವನವರ ಪೂಜೆಗೆ ಬಿಲ್ವಪತ್ರೆ ಆರಿಸಿಕೊಡುವುದು ನನ್ನ ಪಾಲಿನ ಕೆಲಸ. ಹುಳ ತಿಂದದ್ದು, ಮೂರರಲ್ಲಿ ಒಂದು ದಳ ಹರಿದದ್ದು ಲಿಂಗಕ್ಕೆ ಆಗದು. ಅದನ್ನೂ ನಾನು ಅಡಿಗೆಮನೆಯಲ್ಲೇ ಕೂತು ಒಂದೊಂದಾಗಿ ಮುಖದ ಹತ್ತಿರ ಹಿಡಿದು ಆರಿಸುತ್ತಿದ್ದೆ. ಮಾವನವರು ಎಷ್ಟೋ ಸಲ, "ಪತ್ರಿ ಆರಿಸಿದರ ನಮ್ಮ ಸೊಸಿ ಆರಿಸಬೇಕು, ಒಂದರ ಹರಿದದ್ದು ಇರಂಗಿಲ್ಲ" ಎಂದು ಬಂದವರ ಮುಂದೆ ಹೇಳುತ್ತಿದ್ದರು. ಹಾಗೆ ಹೊಗಳಿಸಿಕೊಂಡಾಗಲೂ ನನಗೆ ಒಳಗೊಳಗೆ ನಾಚಿಕೆ. ಸುಳ್ಳು ಹೇಳಿ ತೆಗೆದುಕೊಂಡ ಬಹುಮಾನದಂತೆ ಅನ್ನಿಸುತ್ತಿತ್ತು.

ಯುದ್ಧ ಬಂತು, ಸೀಮೆಎಣ್ಣೆ ಸಿಗದಾಯಿತು. ಹಗಲು ಹೊತ್ತೂ ಬುಡ್ಡಿ ಹಚ್ಚುವ ನಮ್ಮ ಅಡಿಗೆಮನೆಗೆ ಇದು ದೊಡ್ಡ ಪೆಟ್ಟು. ಆ ಹೊತ್ತಿಗೆ ಮಾವನವರು ಒಂದು ಜಿನ್ನಿಂಗ್ ಕಾರ್ಖಾನೆಗೆ ಹೋಗಿ ಅದರ ಮಾಳಿಗೆಗೆ ಗಾಜು ಹಾಕಿದ್ದನ್ನು ನೋಡಿಕೊಂಡು ಬಂದರು. ಒಳಗೆ ಬಯಲಿನಂತೆ ಬೆಳಕು, ಹತ್ತಿಯ ಎಳೆ ಎಳೆ ಕಾಣುತ್ತದಂತೆ. ಅವರು ಒಂದನ್ನು ತಲೆಗೆ ಹಚ್ಚಿಕೊಂಡರೆ ಬಿಡುವವರಲ್ಲ. ಯಾವುದೋ ಶೆಡ್ಡು ಕಿತ್ತಾಗ ಉಳಿದಿದ್ದ ದಪ್ಪ ಗಾಜಿನ ಹಲಗೆಗಳನ್ನು ಗೋಣಿಯಲ್ಲಿ ಸುತ್ತಿಸಿ, ಮೇಲೆ ಹತ್ತಿ ತುಂಬಿಸಿ, ಗಾಡಿಯ ಮೇಲೆ ಮನೆಗೆ ತಂದೇಬಿಟ್ಟರು.

ಅಜ್ಜಿ ಆ ಗಾಜನ್ನು ಮುಟ್ಟಲಿಲ್ಲ. "ಒಲಿ ಮುಂದಿಂದು ಮಂದಿ ಕಣ್ಣಿಗೆ ಬೀಳಬಾರದು" ಎಂದಳು. "ಮಾಳಿಗಿ ಮ್ಯಾಲೆ ಅಡ್ಡಾಡೋರೆಲ್ಲ ನಮ್ಮ ಗಡಿಗ್ಯಾಗ ಇಣಿಕಿ ನೋಡಾಕ ನೀನ ದಾರಿ ಮಾಡ್ತಿ."

"ನೋಡಿದರ ನೋಡ್ಲಿ ಬಿಡವ್ವ. ಕದ್ದು ಉಣ್ಣೋರೇನು ನಾವು?" ಎಂದರು ಮಾವ.

ಅತ್ತೆ ಬಾಗಿಲ ಮರೆಯಿಂದಲೇ, "ಹೊಗಿಗೆ ನನ್ನ ಕಣ್ಣು ಸುಟ್ಟು ಹೋಗ್ಯಾವ. ನನಗಂತೂ ಬೆಳಕು ಬೇಕು" ಎಂದಳು. ಅತ್ತೆ ಗಂಡನ ಪರವಾಗಿ ಮಾತಾಡಿದ್ದು ಅಪರೂಪ, ಹಾಗಾಗಿ ಅಜ್ಜಿ ಸೋತಳು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಆ ಗಾಜನ್ನೆಲ್ಲ ಬಾವಿಗೆ ಹಾಕಿರಿ ಎನ್ನುತ್ತಿದ್ದೆ.

ಗೌಂಡಿ ಬಂದ. ಗಡಿಗೆ ಕಿತ್ತು ತೂತನ್ನು ದೊಡ್ಡದು ಮಾಡಿ, ಸುತ್ತ ಗಚ್ಚಿನ ಕಟ್ಟೆ ಎಬ್ಬಿಸಿ, ಗಾಜು ಕೂರಿಸಿ ಭದ್ರವಾಗಿ ಮೆತ್ತಿದ. ಎಷ್ಟು ಭದ್ರವೆಂದರೆ ಹೊಗೆ ಹೋಗಲು ಸಂದೇ ಬಿಡಲಿಲ್ಲ. ಅತ್ತೆ ಕೇಳಿದ್ದಕ್ಕೆ, "ಏಮೀ ಕಾದು ತಾಯಿ, ಹೊಗಿ ಬಾಗಿಲದಾಗ ಹೋಗ್ತದ" ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಧೈರ್ಯ ಹೇಳಿ ಹೋದ. ಮರುದಿನ ಬೆಳಿಗ್ಗೆ ಒಲೆ ಹಚ್ಚಿದ್ದೇ ತಡ, ಹೊಗೆ ಪಡಸಾಲೆಗೆ ನುಗ್ಗಿ, ಪೂಜೆಗೆ ಕೂತಿದ್ದ ಮಾವನವರು ಕೆಮ್ಮುತ್ತ ಬೀದಿಗೆ ಬಂದರು. ಓಣಿಯವರು ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿ ಬಂದರು. ಗೌಂಡಿಯನ್ನು ಮತ್ತೆ ಕರೆಸಿ ಕಟ್ಟೆಯ ಮಗ್ಗುಲುಗಳಲ್ಲಿ ಕಿಂಡಿ ಬಿಡಿಸಿದ ಮೇಲೆ ಎಲ್ಲ ಸರಿಯಾಯಿತು. ನಾನು ಆ ಹೊಗೆಯ ದಿನ ಎಲ್ಲರಂತೆ ಕೆಮ್ಮುತ್ತಲೇ, ಇನ್ನು ಈ ಗಾಜನ್ನು ತೆಗೆಸುತ್ತಾರೆ ಎಂದು ಖುಷಿಪಟ್ಟಿದ್ದೆ.

ಬೆಳಕು ಬಿತ್ತು. ಬಿದ್ದ ಕೂಡಲೇ ನಾಚಿಕೆಪಟ್ಟವಳು ನಾನಲ್ಲ, ಅತ್ತೆ. ತಲೆಮಾರುಗಳ ಮಸಿ ತೊಲೆಗಳಿಂದ ಜೋತು ಬಿದ್ದಿತ್ತು. ಗಡಿಗೆಗಳ ಹಿಂದೆ ಜಿರಲೆಗಳ ಸಂಸಾರವೇ ಇತ್ತು. ಇಂಥ ಕೋಣೆಯಲ್ಲಿ ಇಷ್ಟು ವರ್ಷ ಅಡಿಗೆ ಮಾಡಿ ನೀಡಿದೆನೇ ಎಂದು ಆಕೆ ಹಣೆ ಹಣೆ ಬಡಿದುಕೊಂಡಳು. ಗಾಜು ನೋಡಲು ಬಂದ ಓಣಿಯ ಹೆಂಗಸರನ್ನು ಹೊರಗೇ ನಿಲ್ಲಿಸಿ, ಸುಣ್ಣ ಬಳಿಸಿ ಮುಗಿಯುವ ತನಕ ಒಳಗೆ ಬಿಡಲಿಲ್ಲ. ಆಮೇಲೆ ಅದೇ ಅತ್ತೆ ನೆಟ್ಟಗೆ ಕೂತು ರೊಟ್ಟಿ ತಟ್ಟತೊಡಗಿದಳು. ಅಜ್ಜಿಯೂ ಬೈಯುತ್ತ ಬೈಯುತ್ತಲೇ ನೆಟ್ಟಗೆ ಕೂತಳು. ಬಗ್ಗಿ ಉಳಿದವಳು ನಾನೊಬ್ಬಳೇ.

"ಹುಬ್ಬು ಯಾಕ ಸುಟ್ಟಾವ ನಿನ್ನವು?" ಎಂದು ಅತ್ತೆ ಒಂದು ದಿನ ಕೇಳಿದಳು.

"ಒಲಿ ಕಿಡಿ ಸಿಡಿತ್ರಿ ಅತ್ತಿ" ಎಂದೆ. ಅಂದಿನಿಂದ ನಾನು ಗೋಡೆಯ ಕಡೆ ಮುಖ ಮಾಡಿ ಕೂತು ಕೆಲಸ ಮಾಡುವುದನ್ನು ರೂಢಿಸಿಕೊಂಡೆ. ಮನೆಯವರಿಗೆ ನನ್ನ ಬೆನ್ನು ಕಾಣುತ್ತಿತ್ತು, ಅಷ್ಟು ಸಾಕಾಗಿತ್ತು. ಮೇಲಿನಿಂದ ನೋಡುವವರಿಗೆ ಬೆನ್ನಿನ ಮರೆ ಇಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಪಕ್ಕದ ಮನೆಯ ದೊಡ್ಡವ್ವ ತನ್ನ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಲು ಬರುತ್ತಿದ್ದಳು. ಎರಡು ಮಾಳಿಗೆಗಳ ನಡುವೆ ಇದ್ದದ್ದು ಮೊಣಕಾಲೆತ್ತರದ ಗೋಡೆ. ಸಿನಿಮಾ ನೋಡಿದಂತೆ ಆಕೆ ದಿನವೂ ನಮ್ಮ ಗಾಜಿನೊಳಗೆ ಇಣುಕಿ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ನೇರವಾಗಿ ನಮ್ಮ ಏಣಿಯಿಂದಲೇ ಇಳಿದು ಬಂದು ಅತ್ತೆಯ ಎದುರು ನಿಂತಳು.

"ಅಲ್ಲ ತಂಗಿ, ನಿನ್ನ ಸೊಸಿ ಪತ್ರಿ ಮೂಸ್ತಾಳಲ್ಲ!"

ಅತ್ತೆಗೆ ಅರ್ಥವಾಗಲಿಲ್ಲ. "ಏನಂದಿ ಅಕ್ಕಾ?"

"ಮೂಗಿಗೆ ಹಿಡದು ಒಂದೊಂದ ಮೂಸ್ತಾಳ. ಪತ್ರಿ ಅಷ್ಟ ಅಲ್ಲ, ರೊಟ್ಟಿ ಮೂಸ್ತಾಳ, ಪಲ್ಲೆದ ಗಡಿಗ್ಯಾಗ ಮೂಗು ಇಡ್ತಾಳ. ದಿನಾ ನೋಡಾಕತ್ತೀನಿ. ಹೇಳಬಾರದು ಅಂತಿದ್ದೆ, ಲಿಂಗಕ್ಕ ಹೋಗೋ ವಸ್ತು ಐತಲ್ಲ ಅಂತ ಹೇಳೀನಿ."

ನಮ್ಮಂಥ ಮನೆಗಳಲ್ಲಿ ಇದು ಎಂಥ ಮಾತು ಎಂಬುದನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ಅಂಗೈಯಲ್ಲಿ ಲಿಂಗ ಹಿಡಿದು, ಅದಕ್ಕೆ ತೋರಿಸದೆ ಒಂದು ಗುಟುಕು ನೀರನ್ನೂ ಕುಡಿಯದವರು ಮಾವ. ಲಿಂಗಕ್ಕೆ ಮೊದಲು ಯಾರಾದರೂ ರುಚಿ ನೋಡಿದರೆ ಎಂಜಲು, ವಾಸನೆ ತೆಗೆದುಕೊಂಡರೂ ಎಂಜಲೇ. ಹೂ ಕೀಳುವಾಗ ಉಸಿರು ತಾಗಬಾರದೆಂದು ಮುಖ ತಿರುಗಿಸುವವರ ಮನೆ ಅದು. ಆ ಮನೆಯ ಸೊಸೆ ಮೂಗಿಗೆ ಹಿಡಿದ ಪತ್ರೆಯನ್ನು, ಹೊಗಳಿಸಿಕೊಂಡು, ಅವರ ಕೈಗೆ ಕೊಟ್ಟಿದ್ದಾಳೆ.

ಅತ್ತೆ ನನ್ನನ್ನು ಗಾಜಿನ ಕೆಳಗೆ ನಿಲ್ಲಿಸಿ ಕೇಳಿದಳು. "ಖರೆ ಹೇಳು. ಮೂಸಿದ್ದಿ?"

ನನ್ನ ಮುಂದೆ ಎರಡೇ ಮಾತುಗಳಿದ್ದವು. ಇಲ್ಲ, ನನಗೆ ಕಣ್ಣು ಕಾಣುವುದಿಲ್ಲ, ಹತ್ತಿರ ಹಿಡಿದು ನೋಡುತ್ತೇನೆ ಎನ್ನಬೇಕು. ಹಾಗೆಂದರೆ ಅಪ್ಪ ಅವ್ವ ಮುಚ್ಚಿಟ್ಟು ಮದುವೆ ಮಾಡಿದರು ಎಂದಾಗುತ್ತದೆ, ಕಣ್ಣಿಲ್ಲದ ಹೆಣ್ಣನ್ನು ಗಂಟು ಹಾಕಿದರು ಎಂದು ಊರೂರಿಗೆ ಹೇಳಿ ನನ್ನನ್ನು ತವರಿಗೆ ಕಳಿಸುತ್ತಾರೆ. ಇಲ್ಲವೇ, ಹೌದು ಎನ್ನಬೇಕು.

"ಹೂನ್ರಿ" ಎಂದೆ.

ಮಾವನವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಆ ದಿನ ಊಟಕ್ಕೆ ಕೂರದೆ ಅಂಗಡಿಗೆ ಹೋದರು. ಸಂಜೆ ನಮ್ಮ ಮಠದ ಅಯ್ಯನೋರನ್ನು ಕರೆಸಿ ಪಡಸಾಲೆಯ ಮೂಲೆಯಲ್ಲಿ ಮೆಲ್ಲಗೆ ಮಾತಾಡಿದರು. ತಪ್ಪು ಅವರದಲ್ಲ, ಆದರೂ ಅವರೇ ಒಪ್ಪತ್ತು ಹಿಡಿದರು. ಅಷ್ಟು ದೊಡ್ಡ ಮನುಷ್ಯ ನನ್ನ ಮೂಗಿನ ಸಲುವಾಗಿ ಹಸಿದು ಕೂರುವುದನ್ನು ನೋಡುವಾಗ ನೆಲ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. ರಾತ್ರಿ ಗಂಡ ಕೂಡ, "ಅಷ್ಟು ಹಸಿವಿದ್ದರ ನನಗರ ಹೇಳಬಾರದಿತ್ತೇನು?" ಎಂದು ಕೇಳಿದ. ಮುಖ ಹತ್ತಿರವೇ ಇತ್ತು. ಅದರಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು, ಅದು ಇನ್ನೂ ಕೆಟ್ಟದ್ದು.

ಮರುದಿನದಿಂದ ಅಡಿಗೆಮನೆ ನನಗೆ ಬಂದ್. ಹಿತ್ತಲಲ್ಲಿ ಎಮ್ಮೆಗಳಿಗೆ ಹತ್ತಿಕಾಳು ನೆನೆಹಾಕುವುದು, ಸಗಣಿ ಬಾಚುವುದು, ನೀರು ಸೇದುವುದು ನನ್ನ ಕೆಲಸ. ನಾನು ಹಾದು ಹೋದರೆ ಅಜ್ಜಿ ಗಡಿಗೆಯ ಮೇಲೆ ಸೆರಗು ಹೊದಿಸುತ್ತಿದ್ದಳು. ಓಣಿಯ ಹುಡುಗಿಯರು ನನ್ನನ್ನು ಕಂಡರೆ ಮೂಗು ಏರಿಸಿ ಸೂಂ ಸೂಂ ಎನ್ನುತ್ತಿದ್ದರು. ಯಾರೆಂದು ನನಗೆ ಮುಖ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಉಣ್ಣಲು ಕೂತರೆ ಎಲ್ಲರೂ ನನ್ನ ತಾಟನ್ನೇ ನೋಡುತ್ತಿದ್ದಾರೆ ಎನ್ನಿಸಿ ತುತ್ತು ಇಳಿಯುತ್ತಿರಲಿಲ್ಲ. ಹೊಟ್ಟೆಬಾಕಿ ಎಂಬ ಹೆಸರು ಹೊತ್ತು ನಾನು ಕಡ್ಡಿಯಾದೆ.

ಮಾವನವರಿಗೆ ಗಾಜಿನ ಮೇಲೆ ಮಾತ್ರ ಬೇಸರವಾಗಲಿಲ್ಲ. ಅವರ ಪ್ರಕಾರ ಆ ಗಾಜು ಬರದಿದ್ದರೆ ಇನ್ನೂ ಎಷ್ಟು ವರ್ಷ ಈ ಅಪಚಾರ ನಡೆಯುತ್ತಿತ್ತೋ. ಪೇಪರಿನಲ್ಲಿ ಯುದ್ಧದ ಸುದ್ದಿ ಓದಲು ಅನುಕೂಲವೆಂದು ಪಡಸಾಲೆಯ ಮಾಳಿಗೆಗೂ ಒಂದು ಹಾಕಿಸಿದರು. ಈ ಸಲ ಗೌಂಡಿ ಬೇರೆಯವನು.

ಪಂಚಮಿ ಹಬ್ಬಕ್ಕೆ ನನ್ನನ್ನು ಕರೆದೊಯ್ಯಲು ಅಪ್ಪ ಗಾಡಿ ಕಟ್ಟಿಕೊಂಡು ಬಂದ. ಬೀಗರ ಮನೆಗೆಂದು ಅವ್ವ ಕಟ್ಟಿದ ಉಂಡಿಗಳ ಬುಟ್ಟಿ ಇಳಿಸಿ, ಕಾಲು ತೊಳೆದು, ಪಡಸಾಲೆಯ ಹೊಸ ಗಾಜಿನ ಕೆಳಗೆ ಕಂಬಳಿಯ ಮೇಲೆ ಕೂತ. ಅಲ್ಲಿ ಮಾವ, ನನ್ನ ಗಂಡ, ಅಂಗಡಿಯ ಗುಮಾಸ್ತ ಇದ್ದರು. ನಾನು ನಡುಮನೆಯ ಬಾಗಿಲ ಹಿಂದೆ ನಿಂತಿದ್ದೆ.

ಮಾವನವರು ಸುತ್ತಿ ಬಳಸಿ ಮಾತಾಡುವವರಲ್ಲ. "ಬೀಗ್ರ, ನಿಮ್ಮ ಮಗಳನ್ನ ಕರಕೊಂಡು ಹೋಗ್ರಿ. ಲಿಂಗಕ್ಕ ಏರಿಸೋ ಪತ್ರಿ ಮೂಸ್ತಾಳ, ಅಡಿಗಿ ಮೂಸ್ತಾಳ. ಮೂಸಿದ್ದ ಪತ್ರೀಲೆ ನಾನು ಪೂಜಿ ಮಾಡೀನಿ. ಚಟ ಬಿಡಿಸ್ರಿ, ಬಿಟ್ಟ ಮ್ಯಾಲೆ ನೋಡೋಣು."

ನೋಡೋಣು ಎಂದು ಕಳಿಸಿದ ಸೊಸೆಯರು ತಿರುಗಿ ಬಂದದ್ದು ನಮ್ಮ ಕಡೆ ಕಡಿಮೆ. ಅಪ್ಪನಿಗೂ ಅದು ಗೊತ್ತಿತ್ತು.

ಮಗಳು ಏನನ್ನು ಮೂಗಿಗೆ ಹಿಡಿಯುತ್ತಾಳೆ, ಯಾಕೆ ಹಿಡಿಯುತ್ತಾಳೆ ಎಂದು ಆ ಮನೆಯಲ್ಲಿ ಗೊತ್ತಿದ್ದವನು ಅವನೊಬ್ಬನೇ. ಹೇಳಿಬಿಡು ಅಪ್ಪಾ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಬೇಡ ಅಪ್ಪಾ ಹೇಳಬೇಡ ಎಂದೂ ಹೊಡೆದುಕೊಳ್ಳುತ್ತಿತ್ತು.

"ಹೌದ್ರಿ" ಎಂದ ಅಪ್ಪ. "ಸಣ್ಣಾಕಿ ಇದ್ದಾಗಿಂದ ಆಕಿಗೆ ಆ ಚಟ ಐತ್ರಿ. ಬಾಯಿ ಚಪಲ. ಬಡದು ನೋಡೀವಿ, ಉಪವಾಸ ಕೆಡವಿ ನೋಡೀವಿ, ಬಿಡಲಿಲ್ಲ. ಹಬ್ಬದ ಹೋಳಿಗಿ ನೈವೇದ್ಯಕ್ಕಿಂತ ಮೊದಲ ಕದ್ದು ತಿಂತಿದ್ದಳು. ನಾವು ಬುದ್ಧಿ ಕಲಿಸಲಿಲ್ಲ, ತಪ್ಪು ನಮ್ಮದು. ನೀವು ದೊಡ್ಡೋರು, ಇಲ್ಲೇ ಇಟಗೊಂಡು ಹೆಂಗರ ತಿದ್ರಿ. ವಾಪಸ್ ಮಾತ್ರ ಕಳಸಬ್ಯಾಡ್ರಿ."

ಅಪ್ಪ ನನ್ನನ್ನು ಒಂದು ದಿನವೂ ಹೊಡೆದವನಲ್ಲ. ಹೋಳಿಗೆಯಂತೂ ನನಗೆ ಸೇರುತ್ತಲೇ ಇರಲಿಲ್ಲ, ನನ್ನ ಪಾಲಿನದನ್ನು ಅವನೇ ತಿನ್ನುತ್ತಿದ್ದ. ಮೂಸುತ್ತಾಳೆ ಎಂಬುದಕ್ಕೆ ಹೂಂ ಎಂದು ನಾನೇ ಹೇಳಿದ್ದೆ, ಅದನ್ನು ನುಂಗಿಕೊಂಡಿದ್ದೆ. ಅದೇ ಮಾತನ್ನು ಅಪ್ಪನ ಬಾಯಿಂದ, ಅದೂ ಹೋಳಿಗೆಯ ಸಮೇತ ಕೇಳಿದಾಗ ನನ್ನ ಮೈಯೆಲ್ಲ ಉರಿಯಿತು. ಇಷ್ಟು ಜನರ ಮುಂದೆ ನನ್ನನ್ನು ಹೀಗೆ ಮಾಡಿದವನು ನನ್ನನ್ನು ಉಳಿಸಲಿಕ್ಕೇ ಮಾಡುತ್ತಿದ್ದಾನೆ ಎಂದು ಗೊತ್ತಿದ್ದೂ ಉರಿಯಿತು.

ಮಾವನವರು, "ಆತು, ನೀವು ಇಷ್ಟು ಹೇಳೀರಿ ಅಂದ ಮ್ಯಾಲೆ ಇರ್ಲಿ" ಎಂದರು. ಆ ವರ್ಷ ತವರಿಗೆ ಕಳಿಸುವುದಿಲ್ಲ ಎಂದಾಯಿತು. ಅಪ್ಪ ಊಟಕ್ಕೂ ನಿಲ್ಲಲಿಲ್ಲ. ಹೊರಡುತ್ತೇನೆ ಎಂದು ಎದ್ದ. ಅತ್ತೆ ನನ್ನ ಭುಜ ತಟ್ಟಿ, "ಹೋಗು, ನಿಮ್ಮಪ್ಪಗ ನಮಸ್ಕಾರ ಮಾಡಿ ಬಾ" ಎಂದಳು.

ಸೆರಗು ಹೊದ್ದು ಪಡಸಾಲೆಗೆ ಬಂದೆ. ಅಪ್ಪ ಕಂಬಳಿಯ ಮೇಲೆ, ಕಂಬಕ್ಕೆ ಒರಗಿಕೊಂಡು ಕೂತಿದ್ದನೆಂದು ದನಿಯ ದಿಕ್ಕಿನಿಂದ ನನಗೆ ಗೊತ್ತಿತ್ತು. ಅಲ್ಲೇ ಬಿಳಿ ಧೋತರ, ಬಿಳಿ ರುಮಾಲು ನಿಂತಿತ್ತು. ಹೋಗಿ ಎರಡೂ ಪಾದ ಹಿಡಿದು ಅದರ ಮೇಲೆ ಹಣೆ ಇಟ್ಟೆ. ತಡೆದಿಟ್ಟ ಅಳು ಒಡೆದುಕೊಂಡು ಬಂತು. "ಅಪ್ಪಾ, ಅವ್ವಗ ಏನೂ ಹೇಳಬ್ಯಾಡಪ್ಪಾ. ಹೋಳಿಗಿ ಮಾತು ಮಾತ್ರ ಹೇಳಬ್ಯಾಡ" ಎಂದೆ.

ಪಾದಗಳು ಹಾವು ಮೆಟ್ಟಿದಂತೆ ಹಿಂದೆ ಸರಿದವು. "ಅಯ್ಯಯ್ಯ, ತಾಯಿ, ನಾನ್ರೀ, ನಾನು!" ಎಂದು ಗುಮಾಸ್ತನ ದನಿ ಕೂಗಿತು.

ಅಪ್ಪ ಆಗಲೇ ಬೀದಿ ಬಾಗಿಲ ಹತ್ತಿರ ಹೋಗಿ ಚಪ್ಪಲಿ ಮೆಟ್ಟುತ್ತಿದ್ದನಂತೆ. ನಡುಹಗಲು. ನೆತ್ತಿಯ ಮೇಲೆ ಗಾಜು. ಮುಂಚಿನ ಪಡಸಾಲೆಯಾಗಿದ್ದರೆ ಕತ್ತಲಿತ್ತು, ಪಾಪ, ಗೊತ್ತಾಗಲಿಲ್ಲ ಎನ್ನಬಹುದಿತ್ತು. ಆ ಬೆಳಕಿನಲ್ಲಿ ಯಾರಿಗೂ ಆ ಮಾತು ಹೇಳಲು ಬರಲಿಲ್ಲ.

ಮಾವನವರು ಎದ್ದು ನನ್ನ ಹತ್ತಿರ ಬಂದರು. ಸೊಸೆಯ ಜೊತೆ ನೇರ ಮಾತಾಡುವ ರೂಢಿ ಅವರಿಗಿರಲಿಲ್ಲ. "ಯವ್ವಾ, ನಿಮ್ಮಪ್ಪ ಎಲ್ಲಿ ಅದಾನ?" ಎಂದು ಕೇಳಿದರು.

ನಾನು ಸುತ್ತ ನೋಡಿದೆ. ಬೆಳ್ಳಗೆ ಮಸುಕಾದ ಆಕಾರಗಳು ಅಲ್ಲೊಂದು ಇಲ್ಲೊಂದು ನಿಂತಿದ್ದವು. ಯಾರೂ ಉಸಿರು ಬಿಡುತ್ತಿರಲಿಲ್ಲ, ಹಾಗಾಗಿ ಕಿವಿಯೂ ಕೆಲಸಕ್ಕೆ ಬರಲಿಲ್ಲ. ನಾನು ತಲೆ ತಗ್ಗಿಸಿದೆ.

"ನಿನಗ ಕಾಣೂದಿಲ್ಲ?"

"ದೂರದ್ದು ಕಾಣೂದಿಲ್ರಿ."

"ಹಂಗಾರ ಪತ್ರಿ?"

"ಹುಳ ತಿಂದಾವೇನಂತ ನೋಡ್ತಿದ್ದೆನ್ರಿ. ಹತ್ತಿರ ಹಿಡದರ ಅಷ್ಟ ಕಾಣ್ತದ."

"ಮೂಸ್ತಿರಲಿಲ್ಲ?"

"ಇಲ್ರಿ. ಉಸಿರು ಬಿಗಿ ಹಿಡಕೊಂಡ ನೋಡ್ತಿದ್ದೆ."

ಮಾವನವರು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು "ಶಿವನ" ಎಂದರು. ಆಮೇಲೆ ನಕ್ಕರು. ಸಿಟ್ಟು ಬರುತ್ತದೆ, ಗಾಡಿಗೆ ಹತ್ತಿಸುತ್ತಾರೆ ಎಂದು ಕಾಯುತ್ತಿದ್ದ ನನಗೆ ಆ ನಗು ಮೊದಲು ತಿಳಿಯಲೇ ಇಲ್ಲ. ಅವರ ಲಿಂಗಕ್ಕೆ ಎಂಜಲು ತಾಗಿರಲಿಲ್ಲ, ಅವರಿಗೆ ಅಷ್ಟು ಸಾಕಾಗಿತ್ತು. ಕಣ್ಣು ಮಂದವಾದದ್ದು ಅವರಿಗೆ ಒಂದು ವಿಷಯವೇ ಆಗಿರಲಿಲ್ಲ. "ಬಳ್ಳಾರ್ಯಾಗ ಕಣ್ಣಿನ ಡಾಕ್ಟರು ಅದಾರ, ಕನ್ನಡಕ ಕೊಡ್ತಾರ. ಇದಕ್ಕ ಇಷ್ಟು ರಂಪ ಏನು?" ಎಂದು ನನ್ನ ಗಂಡನ ಕಡೆ ತಿರುಗಿ ಹೇಳಿದರು. ಅತ್ತೆ ಒಳಗಿನಿಂದ ಬಂದು ನನ್ನ ಸುಟ್ಟ ಹುಬ್ಬಿನ ಮೇಲೆ ಹೆಬ್ಬೆರಳು ಸವರಿದಳು.

ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಮಾವನವರು ಬಾಗಿಲ ಕಡೆ ನೋಡಿ, ದನಿ ಏರಿಸದೆಯೇ ಕೇಳಿದರು. "ಬೀಗ್ರ, ಮಗಳಿಗೆ ಕಣ್ಣು ಮಂದ ಅಂತ ಹೇಳಾಕ ನಾಚಿದಿರಿ. ಕಳ್ಳಿ, ಹೊಟ್ಟಿಬಾಕಿ, ಲಿಂಗದ ಎಡಿ ಕೆಡಿಸೋಳು ಅಂತ ಹೇಳಾಕ ನಾಚಲಿಲ್ಲೇನು?"

ಚಪ್ಪಲಿಯ ಸದ್ದು ಬೀದಿಗೆ ಇಳಿಯಿತು, ಗಾಡಿ ಹೊರಟಿತು. ಕಣ್ಣಿಲ್ಲ ಎಂಬುದು ಬಯಲಾದದ್ದಕ್ಕೆ ನನಗೆ ಆದ ನಾಚಿಕೆ ಆ ಪ್ರಶ್ನೆಯ ಮುಂದೆ ಏನೂ ಅಲ್ಲ. ಅಪ್ಪನ ಪರವಾಗಿ ಒಂದು ಮಾತಾಡಬೇಕಿತ್ತು. ಆ ಪ್ರಶ್ನೆ ನನ್ನೊಳಗೂ ಎದ್ದದ್ದೇ ಆಗಿತ್ತು, ಹಾಗಾಗಿ ಬಾಯಿ ಬರಲಿಲ್ಲ.

ಬಳ್ಳಾರಿಯ ಡಾಕ್ಟರು ದಪ್ಪ ಗಾಜಿನ ಕನ್ನಡಕ ಕೊಟ್ಟರು. ಕನ್ನಡಕದ ಸೊಸೆ ಎಂದು ಓಣಿ ನಕ್ಕಿತು. ನಗುವವರ ಹಲ್ಲುಗಳೂ ನನಗೀಗ ಕಾಣುತ್ತಿದ್ದವು. ಪಕ್ಕದ ಮನೆಯ ದೊಡ್ಡವ್ವನಿಗೆ ಮೂಗಿನ ಮೇಲೊಂದು ದೊಡ್ಡ ನರಹುಲಿ ಇರುವುದನ್ನು ಕಂಡು ನನಗೂ ಸ್ವಲ್ಪ ಸಮಾಧಾನವಾಯಿತು. ಅಡಿಗೆಮನೆ ತಿರುಗಿ ಸಿಕ್ಕಿತು. ಪತ್ರೆ ಆರಿಸುವ ಕೆಲಸವನ್ನು ಮಾವನವರೇ ಕೇಳಿ ಕೊಡಿಸಿದರು.

ಅಪ್ಪ ಮತ್ತೆ ಆದವಾನಿಗೆ ಬರಲಿಲ್ಲ. ಮುಂದಿನ ಪಂಚಮಿಗೆ ಅಣ್ಣ ಬಂದು ಕರೆದೊಯ್ದ. ಮನೆಯ ಮುಂದೆ ಗಾಡಿ ನಿಂತಾಗ ಅಪ್ಪ ಅಂಗಳದಲ್ಲಿದ್ದ. ಅವನನ್ನು ಮೊಟ್ಟಮೊದಲ ಸಲ ಅಷ್ಟು ದೂರದಿಂದ ಕಂಡು ನಾನು ಇಳಿದು ಓಡಿದೆ. ನನ್ನ ಮುಖದ ಮೇಲಿನ ಕನ್ನಡಕ ನೋಡಿದ್ದೇ ತಡ ಅವನು ಎತ್ತಿನ ಕಡೆ ತಿರುಗಿ ಅದರ ಬೆನ್ನು ಉಜ್ಜತೊಡಗಿದ. ಇದ್ದಷ್ಟು ದಿನವೂ ಹಾಗೆಯೇ. ನಾನು ಎದುರು ಬಂದರೆ ಅವನಿಗೆ ಗೋಡೆಯ ಕಡೆ, ಹಗ್ಗದ ಕಡೆ, ದನದ ಕಡೆ ಏನಾದರೂ ಕೆಲಸ. ಮಾತಾಡಿದರೂ ಬೆನ್ನು ಹಾಕಿಯೇ.

ಹೊರಡುವ ಹಿಂದಿನ ದಿನ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, ಕಟ್ಟೆಯ ಮೇಲೆ ಕೂತಿದ್ದ ಅವನ ಹತ್ತಿರ ಹೋದೆ. ಮಸುಕಾದ ಆ ಆಕಾರ ಮೆಲ್ಲಗೆ ನನ್ನ ಕಡೆ ತಿರುಗಿತು. "ಊಟ ಆತೇನವ್ವಾ?" ಎಂದು ಕೇಳಿತು. ಆಮೇಲೆ ಕತ್ತಲಾಗುವ ತನಕ ಇಬ್ಬರೂ ಕೂತು ಮಾತಾಡಿದೆವು, ಮಳೆ ಬೆಳೆ ಎತ್ತು ಎಲ್ಲ.

ಅಂದಿನಿಂದ ನಮ್ಮ ಊರಿನ ಹಳ್ಳ ದಾಟುವ ಮೊದಲೇ, ಗಾಡಿಯಲ್ಲಿ ಕೂತಂತೆಯೇ, ಕನ್ನಡಕವನ್ನು ತೆಗೆದು ಎಲೆಅಡಿಕೆಯ ಚೀಲಕ್ಕೆ ಹಾಕಿಬಿಡುತ್ತಿದ್ದೆ. ಅಪ್ಪನ ಮುಖವನ್ನು ಕನ್ನಡಕ ಹಾಕಿಕೊಂಡು ನೆಟ್ಟಗೆ ನೋಡಿದ್ದು, ಮಣ್ಣಿಗೆ ಒಯ್ಯುವ ಮೊದಲು ಅವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿ ಹಣೆ ತುಂಬ ವಿಭೂತಿ ಹಚ್ಚಿದ್ದ ದಿನ. ಅಷ್ಟು ಮುದುಕನಾಗಿದ್ದನೆಂದು ನನಗೆ ಗೊತ್ತೇ ಇರಲಿಲ್ಲ.